ಆ ರಾತ್ರಿ ಕುರಿ ಕಾಯುತ್ತಿದ್ದವರು

ಡಿಸೆಂಬರ್ ತಿಂಗಳ ಮಾತು ಕ್ರಿಸ್‌ಮಸ್ ಬಗ್ಗೆ ಇರಲಿ ಎಂದು ನಮ್ಮ ರೇಡಿಯೋ ಬಳಗದವರು ಹೇಳಿದರು. ನಾನು ಕೇಕು, ನಕ್ಷತ್ರ, ಸಾಂತಾ ಅಜ್ಜನ ಕಡೆಗೆ ಹೋಗದೆ ಕುರುಬರ ಕಡೆಗೆ ಹೋಗುತ್ತಿದ್ದೇನೆ. ಅದಕ್ಕೊಂದು ಕಾರಣ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಇಲ್ಲಿಯ ಕನ್ನಡ ಕುಟುಂಬಗಳು ಸೇರಿ ಪ್ರತಿ ಡಿಸೆಂಬರ್‌ನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಸಣ್ಣ ಕಾರ್ಯಕ್ರಮ ಮಾಡುತ್ತೇವೆ. ಕ್ರೈಸ್ತರು ನಾವು ನಾಲ್ಕೈದು ಮನೆಯವರಷ್ಟೇ. ಆದರೆ ಮಕ್ಕಳ ನಾಟಕಕ್ಕೆ ಎಲ್ಲ ಮನೆಯ ಮಕ್ಕಳೂ ಬರುತ್ತಾರೆ. ಯೇಸುವಿನ ಜನನದ ನಾಟಕ ಬರೆದುಕೊಡುವ ಕೆಲಸ ನನ್ನದು. ಕನ್ನಡ ಎಂ.ಎ. ಮಾಡಿದ್ದಕ್ಕೆ ಈ ದೇಶದಲ್ಲಿ ನನಗೆ ಸಿಕ್ಕ ಉದ್ಯೋಗ ಇದೊಂದೇ, ಸಂಬಳ ಮಾತ್ರ ಇಲ್ಲ.

ಮೂರು ವರ್ಷದ ಹಿಂದಿನ ನಾಟಕದಲ್ಲಿ ಕುರುಬರು ರಂಗಕ್ಕೆ ಬರುವ ಮುಂಚೆ ನಿರೂಪಕಿಗೆ ನಾನು ಹೀಗೆ ಮಾತು ಬರೆದಿದ್ದೆ: ಕುರುಬರು ಆ ಕಾಲದಲ್ಲಿ ತೀರ ಕೀಳಾಗಿ ಕಾಣಿಸಿಕೊಂಡ ಜನ, ಕೊಳಕರು, ಕಳ್ಳರೆಂದು ಹೆಸರಾದವರು, ಅವರ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಅಂಥವರಿಗೇ ದೇವರು ಮೊದಲು ಸುದ್ದಿ ಕಳಿಸಿದ. ಈ ಮಾತು ನನ್ನ ಸ್ವಂತದ್ದಲ್ಲ. ಚಿಕ್ಕಂದಿನಿಂದ ಕ್ರಿಸ್‌ಮಸ್ ಪ್ರಸಂಗಗಳಲ್ಲಿ ಕೇಳಿದ್ದು, ಭಾನುವಾರದ ಶಾಲೆಯಲ್ಲಿ ನಾನೇ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದು. ದೇವರ ಕೃಪೆ ದೊಡ್ಡದು ಎಂದು ತೋರಿಸುವುದು ಅದರ ಉದ್ದೇಶ, ಕೆಟ್ಟ ಉದ್ದೇಶವೇನಲ್ಲ.

ರಿಹರ್ಸಲ್ ಮುಗಿದ ಮೇಲೆ ಒಬ್ಬ ಹುಡುಗನ ತಂದೆ ನನ್ನ ಹತ್ತಿರ ಬಂದರು. ಬಾಗಲಕೋಟೆ ಕಡೆಯವರು, ಇಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ. ಅವರ ಮಗನಿಗೆ ಕುರುಬನ ಪಾತ್ರ ಕೊಟ್ಟಿದ್ದೆ. "ಅಕ್ಕಾರ, ಒಂದು ಮಾತು ಕೇಳ್ಲೇನ್ರಿ?" ಅಂದರು. "ನಾವು ಕುರುಬರ ಪೈಕಿರೀ. ನಮ್ಮಪ್ಪ ಈಗೂ ಕುರಿ ಕಾಯ್ತಾನ. ಈ ಕೀಳು, ಕಳ್ಳರು ಅನ್ನೂ ಮಾತು ನಿಮ್ಮ ಬೈಬಲ್‌ದಾಗ ಐತೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನೋಡಿ ಹೇಳ್ತೀನ್ರಿ" ಎಂದೆ. ಮನೆಗೆ ಬಂದು ನೋಡಿದೆ.

ಕುರುಬರ ಪ್ರಸಂಗ ಇರುವುದು ಲೂಕನ ಸುವಾರ್ತೆಯಲ್ಲಿ ಮಾತ್ರ. ಎರಡನೆಯ ಅಧ್ಯಾಯದ 8ರಿಂದ 20ರವರೆಗೆ, ಒಟ್ಟು ಹದಿಮೂರು ವಚನ. ಮತ್ತಾಯನು ಜೋಯಿಸರ ಕಥೆ ಹೇಳುತ್ತಾನೆ, ಕುರುಬರ ಸುದ್ದಿ ಎತ್ತುವುದಿಲ್ಲ. ಮಾರ್ಕ, ಯೋಹಾನರಲ್ಲಿ ಜನನದ ಕಥೆಯೇ ಇಲ್ಲ. ಲೂಕನಲ್ಲಿ ಇರುವುದಿಷ್ಟು: ಬೇತ್ಲೆಹೇಮಿನ ಸುತ್ತಲ ಬಯಲಿನಲ್ಲಿ ಕುರುಬರು ರಾತ್ರಿ ಹಿಂಡು ಕಾಯುತ್ತಿದ್ದಾರೆ. ದೇವದೂತ ಬರುತ್ತಾನೆ, ಇವರು ಹೆದರುತ್ತಾರೆ. ಹೆದರಬೇಡಿ ಎಂದು ಹೇಳಿ, ದಾವೀದನ ಊರಿನಲ್ಲಿ ರಕ್ಷಕ ಹುಟ್ಟಿದ್ದಾನೆ, ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸೇ ಗುರುತು ಎಂದು ತಿಳಿಸುತ್ತಾನೆ. ದೂತರ ಗುಂಪು ಸ್ತುತಿ ಮಾಡಿ ಹೋಗುತ್ತದೆ. ಕುರುಬರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಅವಸರದಿಂದ ಹೋಗಿ, ಕೂಸನ್ನು ಕಾಣುತ್ತಾರೆ. ಕೇಳಿದ್ದನ್ನು ಎಲ್ಲರಿಗೂ ಹೇಳುತ್ತಾರೆ. ಕೇಳಿದವರು ಬೆರಗಾಗುತ್ತಾರೆ. ಮರಿಯಳು ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಕುರುಬರು ದೇವರನ್ನು ಕೊಂಡಾಡುತ್ತ ಹಿಂದಿರುಗುತ್ತಾರೆ.

ಕೀಳು ಎಂಬ ಮಾತು ಇಲ್ಲ. ಕಳ್ಳರು ಎಂಬುದಂತೂ ಇಲ್ಲವೇ ಇಲ್ಲ. ಅವರ ಮಾತನ್ನು ನಂಬಲಿಲ್ಲ ಎನ್ನುವುದು ಹೋಗಲಿ, ಕೇಳಿದವರು ಬೆರಗಾದರು ಎಂದೇ ಇದೆ. ನಾವು ನಾಟಕದಲ್ಲಿ ತರುವ ಇನ್ನೆಷ್ಟೋ ಸಂಗತಿಗಳೂ ಅಲ್ಲಿಲ್ಲ. ಕುರುಬರು ಮೂವರು ಎಂದಿಲ್ಲ, ಕುರಿಮರಿ ಕಾಣಿಕೆ ತಂದರು ಎಂದಿಲ್ಲ, ಚಳಿಗಾಲ ಎಂದೂ ಇಲ್ಲ. ಡಿಸೆಂಬರ್ 25 ಎಂಬ ದಿನಾಂಕ ನಮಗೆ ಸಿಗುವುದು ರೋಮಿನಲ್ಲಿ ಕ್ರಿ.ಶ. 354ರ ಒಂದು ಪಂಚಾಂಗದಂಥ ಸಂಗ್ರಹದಲ್ಲಿ. ಅದು ಬೇರೆಯೇ ಕಥೆ, ಇವತ್ತು ಬೇಡ.

ಈ ತಪ್ಪು ಕನ್ನಡದಲ್ಲಿ ಯಾಕೆ ಹೆಚ್ಚು ಚುಚ್ಚುತ್ತದೆ ಎನ್ನುವುದಕ್ಕೆ ನಮ್ಮ ಭಾಷೆಯೇ ಕಾರಣ. ಜರ್ಮನ್ ಭಾಷೆಯ 'ಹಿರ್ಟ', ಇಂಗ್ಲಿಷಿನ 'ಶೆಫರ್ಡ್' ಎಂದರೆ ಒಂದು ಕೆಲಸ ಮಾಡುವವನು, ಅಷ್ಟೇ. ಕನ್ನಡದ 'ಕುರುಬ' ಕೆಲಸದ ಹೆಸರೂ ಹೌದು, ಲಕ್ಷಾಂತರ ಮಂದಿಯ ಒಂದು ಸಮುದಾಯದ ಹೆಸರೂ ಹೌದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್, ಆಮೇಲೆ ನಮ್ಮ ಈ ಸ್ಟುಟ್‌ಗಾರ್ಟ್ ಸೀಮೆಯಿಂದಲೇ ಹೋದ ಹರ್ಮನ್ ಮೋಗ್ಲಿಂಗ್ ಮತ್ತು ಅವರ ಜೊತೆಗಾರ ವೈಗ್ಲೆ, ಇವರೆಲ್ಲ ದುಡಿದು ಕಟ್ಟಿದ ಕನ್ನಡ ಬೈಬಲ್ ಪರಂಪರೆ ಬಯಲಲ್ಲಿ ಕುರಿ ಕಾಯುವವರಿಗೆ 'ಕುರುಬರು' ಎಂದೇ ಕರೆದಿದೆ. ಯೇಸು ತನ್ನನ್ನು ಒಳ್ಳೆಯ ಕುರುಬ ಎಂದು ಕರೆದುಕೊಳ್ಳುವುದೂ ಅದೇ ಪದದಲ್ಲಿ. ಈಚಿನ ಅನುವಾದಗಳಲ್ಲಿ 'ಕುರಿಗಾಹಿ' ಎಂದೂ ಇದೆ. ನನಗೆ ಹಳೆಯ ಪದವೇ ಇಷ್ಟ. ಆದರೆ ಅದನ್ನು ಇಟ್ಟುಕೊಂಡು ಕುರುಬರು ಕೀಳು ಎಂದು ಸಭೆಯಲ್ಲಿ ಹೇಳಿದರೆ, ಎರಡು ಸಾವಿರ ವರ್ಷದ ಹಿಂದಿನ ಯೂದಾಯಕ್ಕೆ ಹೇಳಿದ ಮಾತು ಮುಂದಿನ ಸಾಲಿನಲ್ಲಿ ಕೂತ ಹುಡುಗನಿಗೆ ತಗಲುತ್ತದೆ.

ಹಾಗಾದರೆ ಆ ಮಾತು ಬಂದದ್ದು ಎಲ್ಲಿಂದ? ಹುಡುಕುತ್ತ ಹೋದರೆ ಮೂರು ನಾಲ್ಕು ಎಳೆ ಸಿಗುತ್ತವೆ.

ಒಂದು, ಆದಿಕಾಂಡದಲ್ಲಿ ಯೋಸೇಫನು ತನ್ನ ಅಣ್ಣತಮ್ಮಂದಿರಿಗೆ, ಕುರಿ ಕಾಯುವವರನ್ನು ಕಂಡರೆ ಐಗುಪ್ತದವರಿಗೆ ಅಸಹ್ಯ ಎಂದು ಎಚ್ಚರಿಸುತ್ತಾನೆ. ಅದು ಐಗುಪ್ತದ ಮಾತು, ಬೇತ್ಲೆಹೇಮಿನದ್ದಲ್ಲ. ಇನ್ನೊಂದು, ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಯೆಹೂದ್ಯರ ಮಿಷ್ನಾ ಎಂಬ ಗ್ರಂಥದಲ್ಲಿ ಒಬ್ಬ ಗುರು, ಮಗನಿಗೆ ಕಲಿಸಬಾರದ ಕಸುಬುಗಳ ಪಟ್ಟಿ ಕೊಡುತ್ತಾನೆ. ಕತ್ತೆ ಹೊಡೆಯುವವನು, ಒಂಟೆ ಹೊಡೆಯುವವನು, ಹಡಗಿನವನು, ಕುರಿ ಕಾಯುವವನು, ಅಂಗಡಿಯವನು, ಇವೆಲ್ಲ ಕಳ್ಳರ ಕಸುಬು ಎನ್ನುವುದು ಅವನ ಅಭಿಪ್ರಾಯ. ಅಂಗಡಿಯವರನ್ನು ಬಿಟ್ಟು ಕುರುಬರನ್ನಷ್ಟೇ ನಮ್ಮ ಬೋಧಕರು ಯಾಕೆ ಹಿಡಿದುಕೊಂಡರೋ ಗೊತ್ತಿಲ್ಲ! ಅದಕ್ಕೂ ಮುನ್ನೂರು ವರ್ಷಕ್ಕೂ ಹೆಚ್ಚು ಈಚೆಗೆ ರೂಪ ತಳೆದ ಬಾಬಿಲೋನಿನ ತಾಲ್ಮೂದಿನಲ್ಲಿ, ಕುರಿ ಕಾಯುವವರ ಸಾಕ್ಷಿ ನ್ಯಾಯಾಲಯದಲ್ಲಿ ನಡೆಯುವುದಿಲ್ಲ ಎಂಬ ಚರ್ಚೆ ಇದೆ. ಕಾರಣ, ಅವರ ಕುರಿಗಳು ಪರರ ಹೊಲದಲ್ಲಿ ಮೇಯುತ್ತವೆ ಎನ್ನುವ ಗುಮಾನಿ. ಹೊಲದವರಿಗೂ ಹಿಂಡಿನವರಿಗೂ ಇರುವ ಜಗಳ ನಮ್ಮ ಕಡೆಯೂ ಹೊಸದಲ್ಲ. ಈ ಚದುರಿದ ಮಾತುಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಜರ್ಮನ್ ವಿದ್ವಾಂಸ ಯೋಆಖಿಮ್ ಯೆರೆಮಿಯಾಸ್ ಯೇಸುವಿನ ಕಾಲದ ಯೆರೂಸಲೇಮಿನ ಬಗೆಗಿನ ತಮ್ಮ ಪುಸ್ತಕದಲ್ಲಿ 'ತಿರಸ್ಕೃತ ಕಸುಬು'ಗಳ ಪಟ್ಟಿಯಾಗಿ ಜೋಡಿಸಿದರು. ಪುಸ್ತಕ ಹೆಸರು ಮಾಡಿತು. ಅಲ್ಲಿಂದ ಬೋಧಕರ ಕೈಪಿಡಿಗಳಿಗೆ, ಅಲ್ಲಿಂದ ಪ್ರಸಂಗಗಳಿಗೆ, ಅಲ್ಲಿಂದ ನನ್ನ ನಾಟಕಕ್ಕೆ. ಲೂಕ ಬರೆದು ನೂರು ವರ್ಷ, ನಾನೂರು ವರ್ಷ ಆದಮೇಲಿನ ಮಾತುಗಳನ್ನು ತಂದು ಲೂಕನ ಕುರುಬರ ತಲೆಗೆ ಕಟ್ಟಿದ್ದೇವೆ.

ಬೈಬಲ್ ಒಳಗೇ ನೋಡಿದರೆ ಚಿತ್ರ ಬೇರೆ. ಅಬ್ರಹಾಮ, ಇಸಾಕ, ಯಾಕೋಬ ಹಿಂಡು ಸಾಕಿದವರು. ರಾಹೇಲಳು ಯಾಕೋಬನಿಗೆ ಮೊದಲು ಕಂಡಾಗ ತಂದೆಯ ಕುರಿಗಳನ್ನು ಬಾವಿಗೆ ಹೊಡೆದುಕೊಂಡು ಬರುತ್ತಿದ್ದಳು. ಮೋಶೆಗೆ ಉರಿಯುವ ಪೊದೆ ಕಂಡದ್ದು ಮಾವನ ಕುರಿ ಮೇಯಿಸುವಾಗ. ಪ್ರವಾದಿ ಆಮೋಸ ಬೇತ್ಲೆಹೇಮಿಗೆ ದೂರವಲ್ಲದ ತೆಕೋವದ ಕುರುಬರಲ್ಲೊಬ್ಬ. ದಾವೀದನಂತೂ ಅದೇ ಬೇತ್ಲೆಹೇಮಿನ ಕುರಿ ಕಾಯುವ ಹುಡುಗ. ದೇವರನ್ನೇ ಕುರುಬ ಎಂದು ಕರೆದ 23ನೆಯ ಕೀರ್ತನೆ ಅವನ ಹೆಸರಿನಲ್ಲಿದೆ. ಯೆಹೆಜ್ಕೇಲನ 34ನೆಯ ಅಧ್ಯಾಯದಲ್ಲಿ ಕುರುಬರಿಗೆ ಬೈಗುಳ ಇರುವುದು ನಿಜ. ಆದರೆ ಅಲ್ಲಿ ಬೈಸಿಕೊಳ್ಳುವವರು ನಿಜವಾದ ಕುರುಬರಲ್ಲ, ಜನರನ್ನು ಕಾಯದೆ ತಾವೇ ಕೊಬ್ಬಿದ ಆಳುವವರು.

ಕುರುಬರು ಬಡವರಾಗಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಬಯಲಲ್ಲಿ ಮಲಗುವವರು ಶ್ರೀಮಂತರಿರಲಾರರು. ದೇವರು ಬಲಿಷ್ಠರನ್ನು ಇಳಿಸಿ ದೀನರನ್ನು ಎತ್ತುತ್ತಾನೆ ಎಂದು ಮರಿಯಳು ಹಾಡುವುದೂ ಇದೇ ಲೂಕನಲ್ಲಿ, ಒಂದು ಅಧ್ಯಾಯ ಮುಂಚೆ. ಲೂಕನು ಕಥೆ ಶುರು ಮಾಡುವುದೇ ಚಕ್ರವರ್ತಿ ಔಗುಸ್ತನ ಖಾನೇಷುಮಾರಿಯಿಂದ. ಕ್ರಿ.ಪೂ. 9ರಲ್ಲಿ ಏಷ್ಯಾ ಪ್ರಾಂತ್ಯದವರು ಪ್ರಿಯೇನೆ ಎಂಬ ಊರಿನಲ್ಲಿ ಕೆತ್ತಿಸಿದ ಶಾಸನ ಸಿಕ್ಕಿದೆ. ಔಗುಸ್ತನ ಹುಟ್ಟುಹಬ್ಬವೇ ಲೋಕಕ್ಕೆ ಶುಭಸಮಾಚಾರ, ಅವನೇ ರಕ್ಷಕ ಎಂಬ ಧಾಟಿ ಅದರದು. ಅದೇ ಶುಭಸಮಾಚಾರ, ಅದೇ ರಕ್ಷಕ ಎಂಬ ಪದಗಳನ್ನು ಲೂಕನ ದೇವದೂತ ಇನ್ನೊಂದು ಹುಟ್ಟಿಗೆ ಬಳಸುತ್ತಾನೆ, ಕೇಳುವವರು ಹೆಸರಿಲ್ಲದ ಕುರುಬರು. ಚಕ್ರವರ್ತಿಯ ಹೆಸರಿದೆ, ಅಧಿಪತಿಯ ಹೆಸರಿದೆ, ಇವರ ಹೆಸರಿಲ್ಲ. ಹೆಸರಿಲ್ಲದಿರುವುದಕ್ಕೂ ಕಳ್ಳರೆನಿಸುವುದಕ್ಕೂ ಬಹಳ ಅಂತರವಿದೆ.

ಕುರುಬರನ್ನು ಹೀಗೆ ಇಳಿಸಿದವರು ಒಂದು ಕಡೆಯಾದರೆ, ಏರಿಸಿದವರು ಇನ್ನೊಂದು ಕಡೆ. ನಿಮ್ಮಲ್ಲಿ ಕ್ರೈಸ್ತ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆ ಈ ಸಂದೇಶ ಬಂದೇ ಇರುತ್ತದೆ: ಬೇತ್ಲೆಹೇಮಿನ ಕುರುಬರು ಸಾಮಾನ್ಯರಲ್ಲ, ಯೆರೂಸಲೇಮ್ ದೇವಾಲಯದ ಬಲಿಗಾಗಿ ಕುರಿ ಸಾಕುತ್ತಿದ್ದ ಯಾಜಕ ಕುರುಬರು, ಹುಟ್ಟಿದ ಮರಿಗೆ ಗಾಯವಾಗದಂತೆ ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಿದ್ದರು, ಆದ್ದರಿಂದಲೇ ಗುರುತು ಅವರಿಗೆ ತಕ್ಷಣ ಹೊಳೆಯಿತು. ಕೇಳಲು ಎಷ್ಟು ಚೆಂದ! ನಾನೂ ಎರಡು ಸಲ ಫಾರ್ವರ್ಡ್ ಮಾಡಿದ್ದೇನೆ.

ಇದರ ಮೂಲ 1883ರಲ್ಲಿ ಆಲ್‌ಫ್ರೆಡ್ ಎಡರ್ಶೈಮ್ ಎಂಬವರು ಇಂಗ್ಲಿಷಿನಲ್ಲಿ ಬರೆದ ಯೇಸುವಿನ ಜೀವನಚರಿತ್ರೆ. ವಿಯೆನ್ನಾದ ಯೆಹೂದ್ಯ ಮನೆತನದಲ್ಲಿ ಹುಟ್ಟಿ ಕ್ರೈಸ್ತರಾದ ದೊಡ್ಡ ಪಂಡಿತರು ಅವರು. ಬೇತ್ಲೆಹೇಮಿನ ಆಸುಪಾಸಿನಲ್ಲಿ ಮಿಗ್ದಲ್ ಏದೆರ್, ಅಂದರೆ ಹಿಂಡಿನ ಗೋಪುರ, ಎಂಬ ಜಾಗ ಇತ್ತು. ರಾಹೇಲಳನ್ನು ಮಣ್ಣು ಮಾಡಿದ ಮೇಲೆ ಯಾಕೋಬ ಅದರಾಚೆ ಗುಡಾರ ಹಾಕಿದ ಎಂದು ಆದಿಕಾಂಡ ಹೇಳುತ್ತದೆ, ಮೀಕನ ಪ್ರವಾದನೆಯಲ್ಲೂ ಆ ಹೆಸರಿದೆ. ಯೆರೂಸಲೇಮಿಗೂ ಆ ಗೋಪುರಕ್ಕೂ ನಡುವೆ ಒಡೆಯರಿಲ್ಲದ ಪಶು ಸಿಕ್ಕರೆ ಅದನ್ನು ಬಲಿಯ ಪಶು ಎಂದು ಎಣಿಸಬೇಕು ಎಂದು ಮಿಷ್ನಾದಲ್ಲಿ ಒಂದು ನಿಯಮ. ಇಷ್ಟನ್ನು ಹಿಡಿದು ಎಡರ್ಶೈಮ್ ಅಲ್ಲಿಯ ಹಿಂಡುಗಳೆಲ್ಲ ದೇವಾಲಯದವು ಎಂದು ಊಹಿಸಿದರು. ನಿಯಮ ಇರುವುದು ದಾರಿ ತಪ್ಪಿದ ಪಶುಗಳ ಬಗ್ಗೆ, ಕುರುಬರ ಬಗ್ಗೆ ಅಲ್ಲ. ಮರಿಗೆ ಬಟ್ಟೆ ಸುತ್ತುವ ಸಂಗತಿಗಂತೂ ಹಳೆಯ ಆಧಾರವೇ ಇಲ್ಲ, ಅದು ಆಮೇಲೆ ಸೇರಿದ ಅಲಂಕಾರ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಒಬ್ಬರು ಕುರುಬರನ್ನು ಊರ ಹೊರಗಿಡುತ್ತಾರೆ, ಇನ್ನೊಬ್ಬರು ದೇವಾಲಯದ ನೌಕರಿ ಕೊಡುತ್ತಾರೆ. ಸುಮ್ಮನೆ ತಮ್ಮ ಕೆಲಸ ಮಾಡುತ್ತಿದ್ದ ನಾಲ್ಕು ಜನರ ಹತ್ತಿರ ದೇವದೂತ ಬಂದ ಎಂಬುದು ನಮಗೆ ಸಾಲದು. ಬಿದ್ದವರಾಗಿರಬೇಕು, ಇಲ್ಲವೇ ಪವಿತ್ರರಾಗಿರಬೇಕು.

ಲೂಕ ಕೊಡುವ ವಿವರ ಕೆಲಸದ ವಿವರ. ಗ್ರೀಕ್ ಮೂಲದಲ್ಲಿ ಅವರು ಬಯಲಲ್ಲೇ ವಾಸಿಸುತ್ತಿದ್ದರು, ರಾತ್ರಿಯ ಜಾವಗಳ ಕಾವಲು ಕಾಯುತ್ತಿದ್ದರು ಎಂಬ ಅರ್ಥ ಬರುತ್ತದೆ. ಸರದಿಯ ಕಾವಲು ಎಂದು ಕೆಲವರು ಬಿಡಿಸುತ್ತಾರೆ. ಬೇತ್ಲೆಹೇಮ್ ಯೆರೂಸಲೇಮಿಗೆ ತೆಂಕಣಕ್ಕೆ ಒಂಬತ್ತು ಕಿಲೋಮೀಟರ್ ಆಸುಪಾಸು, ಬೆಟ್ಟದ ಏಣಿನ ಮೇಲಿದೆ. ಪೂರ್ವಕ್ಕೆ ಇಳಿದರೆ ಹೊಲಗಳು, ಇನ್ನೂ ಇಳಿದರೆ ಯೂದಾಯದ ಬೆಂಗಾಡು. ರೂತಳು ಹಕ್ಕಲು ಆಯ್ದದ್ದು ಅದೇ ಊರಿನ ಹೊಲಗಳಲ್ಲಿ. ಪೂರ್ವದ ಇಳಿಜಾರಿನಲ್ಲಿ ಈಗ ಬೇತ್ ಸಾಹೂರ್ ಎಂಬ ಊರಿದೆ, ರಾತ್ರಿ ಎಚ್ಚರ ಇರುವವರ ಮನೆ ಎಂದು ಅದರ ಹೆಸರಿಗೆ ಅರ್ಥ ಹೇಳುತ್ತಾರೆ. ಕುರುಬರ ಬಯಲು ಇದೇ ಎಂದು ಅಲ್ಲಿ ಗ್ರೀಕ್ ಆರ್ಥೊಡಾಕ್ಸ್ ಸಭೆಯವರದೊಂದು ಜಾಗ, ಕೆಥೋಲಿಕರದೊಂದು ಜಾಗ. ಕೆಥೋಲಿಕರ ಜಾಗದಲ್ಲಿ ಇಟಲಿಯ ವಾಸ್ತುಶಿಲ್ಪಿ ಆಂತೋನಿಯೋ ಬಾರ್ಲೂತ್ಸಿ 1950ರ ದಶಕದಲ್ಲಿ ಗುಡಾರದ ಆಕಾರದ ಪುಟ್ಟ ಚರ್ಚ್ ಕಟ್ಟಿದರು.

ಗದಗ ಕಡೆ ಬೆಳೆದ ನನಗೆ ಆ ಬಯಲನ್ನು ಕಲ್ಪಿಸಿಕೊಳ್ಳಲು ಕಷ್ಟವಿಲ್ಲ. ಸುಗ್ಗಿ ಮುಗಿದ ಮೇಲೆ ಎರೆ ಹೊಲಗಳಿಗೆ ಕುರಿ ಹಿಂಡುಗಳು ಬರುತ್ತಿದ್ದವು. ಗೊಬ್ಬರ ಆಗಲೆಂದು ರೈತರು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಜೋಳವನ್ನೋ ದುಡ್ಡನ್ನೋ ಕೊಡುತ್ತಿದ್ದರು. ಕಂಬಳಿ ಹೊದ್ದ ಇಬ್ಬರು ಮೂವರು, ಎರಡು ನಾಯಿ, ಒಂದು ಲಾಟೀನು. ತೋಳ ಬಂದರೆ ಕೂಗುವ ಕೂಗು ಊರೊಳಗಿನ ನಮಗೂ ಕೇಳುತ್ತಿತ್ತು. ರಾತ್ರಿ ನಿದ್ದೆಗೆಟ್ಟು ಇನ್ನೊಂದು ಜೀವವನ್ನು ಕಾಯುವುದು ಎಂದರೇನು ಎಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸುಗಳಿಗೆ ಗೊತ್ತು, ಹಸುಗೂಸಿನ ತಾಯಂದಿರಿಗೆ ಗೊತ್ತು. ಪ್ರಾರ್ಥನೆಗೆಂದು ಎಚ್ಚರ ಇದ್ದವರಲ್ಲ ಈ ಕುರುಬರು, ಕುರಿಗಾಗಿ ಎಚ್ಚರ ಇದ್ದವರು. ದೇವಾಲಯ ಒಂಬತ್ತೇ ಕಿಲೋಮೀಟರ್ ದೂರ, ಮಹಿಮೆಯ ಬೆಳಕು ಕಾಣಿಸಿದ್ದು ಕುರಿಹಿಂಡಿನ ಹತ್ತಿರ. ನಾವು ಕ್ರೈಸ್ತರು ಭಕ್ತಿಯನ್ನು ಭಾನುವಾರದ ಹತ್ತು ಗಂಟೆಗೆ ಕಟ್ಟಿಹಾಕಿರುವುದನ್ನು ನೆನೆದರೆ ಇದು ನುಂಗಲು ಸ್ವಲ್ಪ ಕಷ್ಟದ ತುತ್ತೇ.

ಗುರುತಿನ ವಿಚಾರವೂ ಹಾಗೆಯೇ. ಆಕಾಶದ ತುಂಬ ದೂತರು ಬಂದರೂ ಗುರುತು ಮಾತ್ರ ಗೋದಲಿ. ನಮ್ಮಜ್ಜಿಯ ಹಳ್ಳಿಮನೆಯಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಗೋಡೆಗೆ ಗ್ವಾದಲಿ, ನಾಲ್ಕು ಮೆಟ್ಟಿಲು ಎತ್ತರಕ್ಕೆ ಪಡಸಾಲೆ. ಪಾಲೆಸ್ತೀನಿನ ಹಳೆಯ ಹಳ್ಳಿಮನೆಗಳೂ ಹೀಗೇ ಇದ್ದವು: ಒಂದೇ ಸೂರು, ಕೆಳಗೆ ದನಕರು, ಮೇಲೆ ಜನ. ಹೀಗಾಗಿ ಗೋದಲಿ ಎಂದ ಕೂಡಲೇ ಊರ ಹೊರಗಿನ ಪಾಳು ಕೊಟ್ಟಿಗೆಯನ್ನೇ ನೆನೆಯಬೇಕಿಲ್ಲ, ಜನ ಕಿಕ್ಕಿರಿದ ಒಂದು ಸಾಮಾನ್ಯ ಮನೆಯೂ ಇರಬಹುದು ಎಂದು ಕೆನೆತ್ ಬೈಲಿಯಂಥ ವಿದ್ವಾಂಸರು ವಾದಿಸಿದ್ದಾರೆ. ನನಗೆ ಅದು ಒಪ್ಪಿಗೆ. ಹುಡುಕಿ ಹೋದ ಕುರುಬರಿಗೆ ಸಿಕ್ಕಿದ್ದು ತಮ್ಮ ಮನೆಯಂಥದೇ ಮನೆ, ತಮ್ಮ ಮಕ್ಕಳಂಥದೇ ಕೂಸು. ಕಾಲೊರೆಸಿಕೊಂಡು ಒಳಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಈ ಕುರುಬರನ್ನು ಸಭೆ ಮುಂದೇನು ಮಾಡಿತು ಎನ್ನುವುದು ರುಚಿಯಾದ ಇತಿಹಾಸ. ಮೂರನೆಯ ಶತಮಾನದ ಓರಿಗೆನ್ ಲೂಕನ ಮೇಲೆ ಕೊಟ್ಟ ಪ್ರಸಂಗಗಳಲ್ಲಿ ಕುರುಬರೆಂದರೆ ಸಭೆಗಳನ್ನು ಕಾಯುವವರು ಎಂಬ ಒಳಾರ್ಥ ತೆಗೆದ. ಆ ಪ್ರಸಂಗಗಳನ್ನು ಲ್ಯಾಟಿನ್‌ಗೆ ತಂದ ಜೆರೋಮ್ 386ರಿಂದ ಬೇತ್ಲೆಹೇಮಿನಲ್ಲೇ ಮಠ ಕಟ್ಟಿಕೊಂಡು ಇದ್ದವನು. ಕಿಟಕಿಯಾಚೆ ನಿಜವಾದ ಕುರುಬರು ಹಾದುಹೋಗುತ್ತಿದ್ದಿರಬೇಕು, ಒಳಗೆ ಅವನು ಒಳಾರ್ಥದ ಕುರುಬರನ್ನು ಅನುವಾದಿಸುತ್ತಿದ್ದ! ಎಂಟನೆಯ ಶತಮಾನದ ಇಂಗ್ಲೆಂಡಿನ ಬೀಡ್ ಕೂಡ ಅದೇ ದಾರಿ ಹಿಡಿದು, ಈ ಕುರುಬರು ಸಭೆಯ ಬೋಧಕರ ಸಂಕೇತ ಎಂದ. ಲ್ಯಾಟಿನ್‌ನಲ್ಲಿ ಕುರುಬನಿಗೆ 'ಪಾಸ್ಟರ್' ಎನ್ನುತ್ತಾರೆ, ನಮ್ಮ ಪಾಸ್ಟರ್ ಬಂದದ್ದು ಅಲ್ಲಿಂದಲೇ. ಕನ್ನಡದ ಸಭಾಪಾಲಕ ಎಂಬ ಪದದಲ್ಲೂ ಕಾಯುವವನೇ ಇದ್ದಾನೆ. ಒಳ್ಳೆಯ ಅರ್ಥವೇ. ಆದರೆ ಕುರುಬರು ಪಾದ್ರಿಗಳಾದ ಮೇಲೆ ಕಂಬಳಿ ಹೋಗಿ ನಿಲುವಂಗಿ ಬಂತು, ಬಯಲಿನವರು ಕಥೆಯಿಂದ ಮಾಯವಾದರು.

ಅವರನ್ನು ಮರಳಿ ತಂದವರು ಹಳ್ಳಿ ಪಟ್ಟಣಗಳ ಜನ. ಹದಿನೈದನೆಯ ಶತಮಾನದ ಇಂಗ್ಲೆಂಡಿನಲ್ಲಿ, ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್ ಊರಿಗೆ ಸೇರಿದ್ದೆಂದು ಹೇಳುವ ನಾಟಕಗಳ ಒಂದು ಕಟ್ಟು ಇದೆ. ಅದರಲ್ಲಿ ಕುರುಬರ ಮೇಲಿನ ಎರಡನೆಯ ನಾಟಕವನ್ನು ನಾನು ಓದಿ ಓದಿ ನಕ್ಕಿದ್ದೇನೆ. ಮೊದಲನೆಯ ಕುರುಬ ಬರುತ್ತಲೇ ಚಳಿಯನ್ನು ಬೈಯುತ್ತಾನೆ, ತೆರಿಗೆಯನ್ನು, ದೊಡ್ಡವರ ದಬ್ಬಾಳಿಕೆಯನ್ನು ಬೈಯುತ್ತಾನೆ. ಎರಡನೆಯವನಿಗೆ ಹೆಂಡತಿಯ ಮೇಲೆ ದೂರು. ಮೂರನೆಯವನು ಆಳುಹುಡುಗ, ಕೂಲಿ ಸರಿಯಾಗಿ ಕೊಡುವುದಿಲ್ಲ, ಹೊಟ್ಟೆಗೆ ಸಾಲದು ಎಂದು ಗೊಣಗುತ್ತಾನೆ. ಅವರು ಮಲಗಿದಾಗ ಮ್ಯಾಕ್ ಎಂಬವನು ಒಂದು ಕುರಿ ಕದ್ದು ಮನೆಗೆ ಒಯ್ಯುತ್ತಾನೆ. ಅವನ ಹೆಂಡತಿ ಅದಕ್ಕೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ, ತಾನು ಈಗಷ್ಟೇ ಹೆತ್ತೆ ಎಂದು ನರಳುತ್ತಾಳೆ. ಕುರುಬರು ಹುಡುಕಿ, ಸಿಗದೆ ಹೊರಡುತ್ತಾರೆ. ಆಮೇಲೆ ನೆನಪಾಗುತ್ತದೆ: ಹುಟ್ಟಿದ ಕೂಸಿನ ಮನೆಗೆ ಬಂದು ಬರಿಗೈಲಿ ಹೋಗುವುದೆ? ಕೈಗೆ ಕಾಸು ಕೊಡಲು ತಿರುಗಿ ಬಂದು ಹೊದಿಕೆ ಸರಿಸಿದಾಗ ಕಾಣುವುದು ಕುರಿಯ ಮೂತಿ. ಅಂದಿನ ಕಾಲಕ್ಕೆ ಕುರಿಗಳ್ಳನಿಗೆ ಗಲ್ಲು ಆಗಬಹುದಿತ್ತು. ಇವರು ಅವನನ್ನು ಕಂಬಳಿಯಲ್ಲಿ ಹಾಕಿ ಮೇಲಕ್ಕೆ ಎಸೆದು, ಬಿಟ್ಟುಬಿಡುತ್ತಾರೆ. ದೇವದೂತ ಬರುವುದು ಅದಾದ ಮೇಲೆ. ಗೋದಲಿಗೆ ಅವರು ಒಯ್ಯುವುದು ಒಂದು ಗೊಂಚಲು ಚೆರ್ರಿ ಹಣ್ಣು, ಒಂದು ಹಕ್ಕಿ, ಒಂದು ಚೆಂಡು. ಕಳ್ಳನನ್ನು ಕ್ಷಮಿಸಿದವರು ಕುರುಬರು, ಕಳ್ಳರು ಅವರಲ್ಲ. ನನ್ನ ನಾಟಕಕ್ಕಿಂತ ಐನೂರು ವರ್ಷ ಹಳೆಯ ನಾಟಕ ನನ್ನದಕ್ಕಿಂತ ನ್ಯಾಯವಾಗಿದೆ.

ಅದೇ ಶತಮಾನದಲ್ಲಿ ಚಿತ್ರಕಾರ ಹ್ಯೂಗೊ ಫಾನ್ ಡೆರ್ ಹೂಸ್, ಮೆಡಿಚಿ ಬ್ಯಾಂಕಿನ ಏಜೆಂಟ್ ಪೋರ್ತಿನಾರಿಗಾಗಿ ಜನನದ ದೊಡ್ಡ ಚಿತ್ರ ಬರೆದ. ಅದರಲ್ಲಿ ಓಡಿಬಂದ ಮೂವರು ಕುರುಬರಿದ್ದಾರೆ. ಬಿಸಿಲಿಗೆ ಕಂದಿದ ಮುಖ, ಒರಟು ಕೈ, ಒಬ್ಬನ ಬಾಯಿ ಬೆರಗಿನಿಂದ ತೆರೆದೇ ಇದೆ. 1483ರಲ್ಲಿ ಆ ಚಿತ್ರ ಫ್ಲಾರೆನ್ಸಿಗೆ ಬಂದಾಗ ಅಲ್ಲಿಯ ಕಲಾವಿದರು ಬೆಚ್ಚಿಬಿದ್ದರು. ಎರಡೇ ವರ್ಷದಲ್ಲಿ ಗಿರ್ಲಾಂಡಾಯೋ ಅದೇ ಧಾಟಿಯ ಕುರುಬರನ್ನು ಬರೆದ, ಒಬ್ಬ ಕುರುಬನಿಗೆ ತನ್ನ ಮುಖವನ್ನೇ ಇಟ್ಟ ಎನ್ನುತ್ತಾರೆ.

ಆಮೇಲೆ ಲೂಥರ್. ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ ಸಮಯದಲ್ಲೇ ಅವರು ಕ್ರಿಸ್‌ಮಸ್ ಪ್ರಸಂಗಗಳನ್ನೂ ಬರೆದರು. ಎರಡೂ 1522ರಲ್ಲಿ ಅಚ್ಚಾದವು. ಅವರ ಕಣ್ಣು ಬಿದ್ದದ್ದು ನಾವೆಲ್ಲ ಹಾರಿಸಿ ಓದುವ ಕೊನೆಯ ವಚನದ ಮೇಲೆ: ಕುರುಬರು ಹಿಂದಿರುಗಿದರು. ಎಲ್ಲಿಗೆ? ಹೊಲಕ್ಕೆ, ಹಿಂಡಿನ ಹತ್ತಿರಕ್ಕೆ. ತಲೆ ಬೋಳಿಸಿಕೊಂಡು ಸನ್ಯಾಸಿಗಳಾಗಲಿಲ್ಲ, ಬಟ್ಟೆ ಬದಲಿಸಲಿಲ್ಲ, ಕಾಡಿಗೆ ಓಡಲಿಲ್ಲ, ದೇವರ ಸೇವೆಗೆ ತಮ್ಮ ಕೆಲಸವೇ ಸಾಕು ಎಂದು ಮರಳಿದರು ಎಂದು ಲೂಥರ್ ವಿವರಿಸುತ್ತಾರೆ. ಸ್ವತಃ ಸನ್ಯಾಸಿಯಾಗಿದ್ದವರು ಈ ಮಾತು ಬರೆಯುವಾಗ ಕೈ ನಡುಗಿರಲಾರದೆ? ಅವರ ಅನುವಾದದ ಕುರುಬರಿಗೇ ಬಾಖ್ 1734ರ ಡಿಸೆಂಬರ್ 26ರಂದು ಲೈಪ್ಸಿಗ್‌ನಲ್ಲಿ ಓಬೋ ವಾದ್ಯಗಳ ಸಂಗೀತ ಕೊಟ್ಟರು. ನಮ್ಮಲ್ಲಿ ಪ್ರತಿ ವರ್ಷ ಯಾವುದಾದರೂ ಚರ್ಚಿನಲ್ಲಿ ಅದು ಇದ್ದೇ ಇರುತ್ತದೆ, ಬಿಡುವಾದರೆ ಕೇಳಿ.

ನನ್ನ ಮಟ್ಟಿಗೆ ಕುರುಬರು ಕಲಿಸುವುದರಲ್ಲಿ ಈ ಹಿಂದಿರುಗುವುದೇ ಕಠಿಣ. ಅವಸರದಿಂದ ಓಡುವುದು, ಎಲ್ಲರಿಗೂ ಹೇಳುವುದು ಉತ್ಸಾಹದಲ್ಲಿ ನಡೆದುಹೋಗುತ್ತದೆ. ಆಕಾಶ ತೆರೆದದ್ದನ್ನು ಕಂಡಮೇಲೆ ಮರುದಿನ ಬೆಳಿಗ್ಗೆ ಅದೇ ಕುರಿ, ಅದೇ ಕೋಲು, ಅದೇ ನಾಯಿ. ಪ್ರಾರ್ಥನಾ ಕೂಟದಿಂದ ಬಂದು ಸಿಂಕಿನ ತುಂಬ ಪಾತ್ರೆ ಕಂಡಾಗ ನನ್ನ ಸ್ತುತಿ ಎಷ್ಟು ನಿಮಿಷ ಉಳಿಯುತ್ತದೆ ಎಂದು ನಮ್ಮ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಮುಂದಿನ ರಿಹರ್ಸಲ್‌ನಲ್ಲಿ ಆ ತಂದೆಗೆ, "ಬೈಬಲ್‌ದಾಗ ಇಲ್ರಿ, ತಪ್ಪು ನಂದು" ಎಂದೆ. ನಿರೂಪಕಿಯ ಮಾತು ತೆಗೆದು ಹಾಕಿದ್ದನ್ನೂ ತೋರಿಸಿದೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಮರುವಾರ ಬರುವಾಗ ಊರಿಂದ ತಂದಿದ್ದ ಕರಿ ಕಂಬಳಿಯೊಂದನ್ನು ಹಿಡಿದು ಬಂದರು, ನಾನು ಕೊಟ್ಟಿದ್ದ ಬೆಡ್‌ಶೀಟ್ ತೆಗೆಸಿ ಮಗನಿಗೆ ಅದನ್ನು ಹೊದೆಸಿದರು. ಕೋಲು ಹಿಡಿಯುವ ರೀತಿಯನ್ನೂ ತಿದ್ದಿದರು. ಆಮೇಲೆ ಇನ್ನೊಂದು ಪ್ರಶ್ನೆ: "ಎಲ್ಲಾರೂ ಕೂಸು ನೋಡಾಕ ಹೋದ್ರ ಕುರಿ ಯಾರು ಕಾಯ್ತಾರ್ರೀ?"

ಲೂಕ ಅದನ್ನು ಹೇಳುವುದಿಲ್ಲ. ಆದರೆ ಸಮುವೇಲನ ಮೊದಲನೆಯ ಪುಸ್ತಕದ 17ನೆಯ ಅಧ್ಯಾಯದಲ್ಲಿ, ಗೊಲ್ಯಾತನ ಯುದ್ಧದ ದಿನ ಅಣ್ಣಂದಿರಿಗೆ ಬುತ್ತಿ ಒಯ್ಯುವ ಹುಡುಗ ದಾವೀದ, ಹೊರಡುವ ಮುಂಚೆ ಕುರಿಗಳನ್ನು ಒಬ್ಬ ಕಾವಲುಗಾರನಿಗೆ ಒಪ್ಪಿಸುತ್ತಾನೆ. ಅಲ್ಲಿ ಹೋದ ಮೇಲೂ ದೊಡ್ಡಣ್ಣ ಗದರುವುದು ಇದೇ ಪ್ರಶ್ನೆ ಹಾಕಿ, ಕುರಿಗಳನ್ನು ಯಾರ ಹತ್ತಿರ ಬಿಟ್ಟುಬಂದೆ ಎಂದು. ಅದೇ ಊರು, ಅದೇ ಬಯಲು. ಹೀಗಾಗಿ ನಾಟಕದಲ್ಲಿ ನಾಲ್ಕನೆಯ ಕುರುಬನೊಬ್ಬನನ್ನು ಸೇರಿಸಿದೆ. ಅವನಿಗೆ ಮಾತೇ ಇಲ್ಲ. ಉಳಿದವರು ಬೇತ್ಲೆಹೇಮಿಗೆ ಹೋಗಿ ಬರುವವರೆಗೆ ರಂಗದ ಮೂಲೆಯಲ್ಲಿ ಹತ್ತಿಯ ಐದು ಕುರಿಗಳ ಜೊತೆ ಕೂತಿರಬೇಕು, ಹಿಂದಿರುಗಿದವರು ಮೊದಲು ಸುದ್ದಿ ಹೇಳುವುದು ಅವನಿಗೆ. ಯಾವ ಮಗುವೂ ಒಪ್ಪಲಾರದು ಎಂದುಕೊಂಡಿದ್ದೆ. ಕಂಬಳಿ ಹೊದ್ದ ಆ ಹುಡುಗ ತನ್ನ ಮಾತಿನ ಪಾತ್ರ ಬಿಟ್ಟುಕೊಟ್ಟು ಅದನ್ನೇ ಕೇಳಿ ತೆಗೆದುಕೊಂಡ. ನಾಟಕದ ದಿನ ಹದಿನೈದು ನಿಮಿಷ ಅಲುಗಾಡದೆ ಕೂತಿದ್ದ. ನಡುವೆ ಒಂದು ಸಲ ಮಾತ್ರ ಕೋಲು ಚಾಚಿ, ಉರುಳಿಬಿದ್ದ ಒಂದು ಕುರಿಯನ್ನು ಎತ್ತಿ ನಿಲ್ಲಿಸಿದ. ಅದು ನಾನು ಬರೆದದ್ದಲ್ಲ.